ಎರಡು ಅಂಕದ ವಿಷ

ಮುಂಗೈ ಮೇಷ್ಟ್ರು ಹೇಳಿದ್ದು ತೀರಾ ಸಣ್ಣ ಸುಳ್ಳು, ಒಂದೇ ಒಂದು ಪದದ್ದು. ‘ಎರಡು’ ಎಂದಿದ್ದರು, ಅಷ್ಟೆ. ಹೇಳತೊಡಗಿ ವರ್ಷವಾಗಿತ್ತು, ಅದರಿಂದ ಯಾರ ಮನೆಯೂ ಮುರಿದಿರಲಿಲ್ಲ. ಅದು ಹೀಗೇ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ ಎಂದು ಅವರು ಹೇಗೋ ಸಮಾಧಾನ ಮಾಡಿಕೊಂಡಿದ್ದರು. ಆ ದಿನ ಬೆಳಿಗ್ಗೆ ಕಾಲೇಜಿಗೆ ಬಂದು ಕೊಡೆ ಮೂಲೆಗಿಡುವಷ್ಟರಲ್ಲಿ ಆ ಸುಳ್ಳು ಕೈಕಾಲು ಬಲಿತು ಎದುರಿಗೇ ನಿಂತಿತ್ತು.

ಮೊದಲು ಮುಂಗೈಯ ಕತೆ ಹೇಳಿಬಿಡಬೇಕು. ಅವರು ಆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಂಗಾಮಿ ಮೇಷ್ಟ್ರು. ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ದೊಡ್ಡ ಮೇಡಂ ಕುಟುಕುವ ಕರಿ ಇರುವೆಗಳ ವಿಷದ ಮೇಲೆ ಸಂಶೋಧನೆ ಹಿಡಿದಿದ್ದರು. ವಿಷದಲ್ಲಿ ಏನೇನು ಬೆರೆತಿದೆ ಎಂದು ಹೇಳುವ ಯಂತ್ರಗಳು ಲೋಕದಲ್ಲಿವೆ. ಎಷ್ಟು ಉರಿಯುತ್ತದೆ ಎಂದು ಹೇಳುವ ಯಂತ್ರವನ್ನು ಮಾತ್ರ ಯಾರೂ ಇನ್ನೂ ಕಂಡುಹಿಡಿದಿಲ್ಲ. ಅದಕ್ಕೆ ಮನುಷ್ಯನ ಕೈಯೇ ಬೇಕು. ಕೆಲಸ ಕಾಯಂ ಆದರೆ ಸಾಕಪ್ಪಾ ಎಂದು ಕಾಯುತ್ತಿರುವವನ ಕೈಯಾದರೆ ಹೆಚ್ಚು ಅನುಕೂಲ, ಅದು ಬೇಡ ಎನ್ನುವುದಿಲ್ಲ.

ಪದ್ಧತಿ ಹೀಗಿತ್ತು. ಇರುವೆಯನ್ನು ಚಿಮಟದಲ್ಲಿ ಹಿಡಿದು ಮೇಷ್ಟ್ರ ಎಡಮುಂಗೈ ಮೇಲೆ ಇಡುವುದು. ಅದು ಬಾಲದ ಕೊಂಡಿ ಬಗ್ಗಿಸಿ ಕುಟುಕಿದ ಮೇಲೆ ಮೇಷ್ಟ್ರು ಕಿರುಚಬಾರದು, ಕೈ ಒದರಬಾರದು, ಹತ್ತಕ್ಕೆ ಎಷ್ಟು ಅಂಕದ ನೋವು ಎಂದು ಸ್ಪಷ್ಟವಾಗಿ ಹೇಳಬೇಕು. ದೊಡ್ಡ ಮೇಡಂ ಅದನ್ನು ಸೀಮೆಸುಣ್ಣದಿಂದ ಕಪ್ಪು ಹಲಗೆಯ ಮೇಲೆ ಬರೆಯುತ್ತಾರೆ. ಮೇಡಂ ತಾವು ಮಾತ್ರ ಒಂದು ಇರುವೆಯಿಂದಲೂ ಕುಟುಕಿಸಿಕೊಂಡವರಲ್ಲ. ಬರೆಯುವ ಕೈ ಚೆನ್ನಾಗಿರಬೇಕಲ್ಲ.

ಮೊದಲು ಪಾಳುಬಯಲಿನ ಗೂಡಿನ ಇರುವೆ ತಂದರು. ಮೇಷ್ಟ್ರು ಪ್ರಾಮಾಣಿಕವಾಗಿ ‘ಎಂಟು’ ಎಂದರು. ಕೈ ಊದಿಕೊಂಡು ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯಬೇಕಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವರ ಕೈ ಕುಂಬಳಕಾಯಿಯಾದರೂ ಬಾಯಿಗೆ ಏನೂ ಬೀಳಲಿಲ್ಲ. ಮುಂದಿನ ಸರದಿ ಕ್ಯಾಂಟೀನ್ ಹಿಂದಿನ ಗೂಡಿನದು ಎಂದು ತಿಳಿದಾಗ ಅವರು ನೇರವಾಗಿ ಹೆಂಡತಿಯ ತಮ್ಮನ ಬಳಿ ಓಡಿದರು. ಆತ ಹಲ್ಲಿನ ಡಾಕ್ಟರು. ಸೂಜಿ ಚುಚ್ಚುವ ಮುನ್ನ ವಸಡು ಮರಗಟ್ಟಲು ಹಚ್ಚುವ ಮುಲಾಮು ಅವನಲ್ಲಿತ್ತು. ಅದನ್ನು ಮುಂಗೈಗೆ ದಪ್ಪಗೆ ಬಳಿದು, ಒಣಗಿಸಿ, ಒರೆಸಿ, ಮೇಷ್ಟ್ರು ಧೈರ್ಯವಾಗಿ ಕೈ ಚಾಚಿದರು. ಇರುವೆ ಕುಟುಕಿತೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ಸೊನ್ನೆ ಎಂದರೆ ಅನುಮಾನ ಬಂದೀತೆಂದು ‘ಎರಡು’ ಎಂದರು.

ದೊಡ್ಡ ಮೇಡಂ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಆನಂದದಿಂದ ಅವರ ಕಣ್ಣು ತುಂಬಿ ಬಂದಿತ್ತು.

“ನೋಡಿ, ಬೇಟೆಗೆ ಬೇಕಾದ್ದು ಮಿಡತೆ ಅಲ್ಲಾಡದ ಹಾಗೆ ಮಾಡೋ ವಿಷ,” ಎಂದರು ಮೇಡಂ. “ಉರಿಯೋ ವಿಷ ಇರೋದು ದೊಡ್ಡ ಪ್ರಾಣಿಗಳನ್ನ ಓಡಿಸೋಕೆ. ಓಡಿಸಬೇಕಾದೋರೇ ಇಲ್ಲದ ಕಡೆ ಇರುವೆ ಯಾಕೆ ಅಷ್ಟು ಕಷ್ಟಪಟ್ಟು ಅದನ್ನ ತಯಾರು ಮಾಡುತ್ತೆ? ಒಂದೇ ಜಾತಿ ಇರುವೆ, ಗೂಡು ಬೇರೆ ಆದ್ರೆ ವಿಷಾನೂ ಬೇರೆ. ಕ್ಯಾಂಟೀನ್ ಹಿಂದೆ ಅವು ತಲೆಮಾರಿನಿಂದ ತಲೆಮಾರಿಗೆ ಸಾಧು ಆಗ್ತಾ ಬಂದಿವೆ ಮೇಷ್ಟ್ರೇ.”

ಕ್ಯಾಂಟೀನಿನ ಹಿಂದೆ ದೊಡ್ಡ ಮೇಡಂ ಒಮ್ಮೆಯೂ ಹೋಗಿ ನೋಡಿರಲಿಲ್ಲ. ಹೋಗಿದ್ದರೆ ಅಲ್ಲಿ ಗೂಡು ಕೆದಕುವ ಕಾಗೆಗಳು, ಹಲ್ಲಿಗಳು, ಮಣ್ಣಲ್ಲಿ ಹೊರಳುವ ಬೆಕ್ಕುಗಳು, ಎರಡು ಹೊತ್ತೂ ಕುದಿನೀರು ಚೆಲ್ಲುವ ಅಡುಗೆಯವನು ಎಲ್ಲ ಕಣ್ಣಿಗೆ ಬೀಳುತ್ತಿದ್ದರು. ಆ ಇರುವೆಗಳಿಗಿದ್ದಷ್ಟು ಶತ್ರುಗಳು ಪ್ರಿನ್ಸಿಪಾಲರಿಗೂ ಇರಲಿಲ್ಲ. ಮೇಷ್ಟ್ರು ಅದನ್ನು ದಿನಾ ಕಾಣುತ್ತಿದ್ದರು. ಆದರೆ ಮೇಡಂ ಖುಷಿಯಾಗಿರುವಾಗ ಬಾಯಿ ತೆರೆಯುವಷ್ಟು ದಡ್ಡರಾಗಿದ್ದರೆ ಅವರು ಹಂಗಾಮಿಯಾಗಿಯೂ ಅಷ್ಟು ವರ್ಷ ಉಳಿಯುತ್ತಿರಲಿಲ್ಲ. ಅಂದಿನಿಂದ ಕ್ಯಾಂಟೀನ್ ಇರುವೆ ಎಷ್ಟು ಸಲ ಕುಟುಕಿದರೂ ಮುಲಾಮು ಬಳಿದು ‘ಎರಡು’ ಎನ್ನುತ್ತ ಬಂದರು. ಸಿದ್ಧಾಂತ ಬೆಳೆದು ಮರವಾಯಿತು, ಬೇರು ಮಾತ್ರ ಹಲ್ಲಿನ ಡಾಕ್ಟರ ಬೀರುವಿನಲ್ಲಿತ್ತು.

ಹಾಗೆಂದು ಸಿದ್ಧಾಂತವನ್ನು ಪೂರ್ತಿ ತೆಗೆದುಹಾಕುವಂತೆಯೂ ಇಲ್ಲ. ಆ ವಿಭಾಗದ ಮನುಷ್ಯರನ್ನೇ ನೋಡಿ. ಕಪ್ಪೆಗಳ ಪಾಠ ಮಾಡುವ ಕಪ್ಪೆ ಮೇಡಂ ಕೆಲಸ ಕಾಯಂ ಆಗಿ ಎಷ್ಟೋ ಕಾಲವಾಗಿತ್ತು. ಯಾರ ಭಯವೂ ಇಲ್ಲದೆ ಅವರ ನಾಲಿಗೆ ಸಪ್ಪಗಾಗಿತ್ತು. ಚೇಳಿನ ಮೇಷ್ಟ್ರು ಇನ್ನೂ ಹಂಗಾಮಿ, ಆದ್ದರಿಂದ ಅವರ ವಿಷ ಚೆನ್ನಾಗಿ ಪಾಕಕ್ಕೆ ಬಂದಿತ್ತು. ನಗುನಗುತ್ತ ಏನೋ ಒಂದು ಮಾತು ಹೇಳಿ ಹೋಗುತ್ತಿದ್ದರು, ಅದು ಮನೆ ಸೇರಿ ಊಟಕ್ಕೆ ಕೂತ ಮೇಲೆ ಉರಿಯಲು ಶುರುವಾಗುತ್ತಿತ್ತು. ವಿಭಾಗದಲ್ಲಿ ಕಾಯಂ ಆಗಬೇಕಿದ್ದ ಹುದ್ದೆ ಒಂದೇ. ಅದಕ್ಕೆ ಕಾದು ಕೂತವರು ಮುಂಗೈ ಮತ್ತು ಚೇಳು, ಇಬ್ಬರು.

ಆ ಹುದ್ದೆಯ ತೀರ್ಮಾನ ಆ ದಿನವೇ ಆಗಬೇಕಿತ್ತು. ಇರುವೆಗಳ ವಿಷಯದಲ್ಲಿ ದೊಡ್ಡ ಹೆಸರಾದ ಹಿರಿಯ ವಿಜ್ಞಾನಿಯೊಬ್ಬರು ಮಧ್ಯಾಹ್ನ ಬಂದು ಸಂಶೋಧನೆ ನೋಡಿ, ಅದು ಮುಂದುವರಿಯಬೇಕೇ, ಅದಕ್ಕೆ ಯಾರನ್ನು ಕಾಯಂ ಮಾಡಬೇಕು ಎಂದು ಹೇಳುವವರಿದ್ದರು. ಮುಂಗೈ ಮೇಷ್ಟ್ರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು. ಕಾಯಂ ಆಗದೆ ಮನೆಗೆ ಬರಬೇಡಿ ಎಂದು ಹೆಂಡತಿ ಬಾಗಿಲಲ್ಲೇ ನಿಂತು ಹೇಳಿ ಕಳಿಸಿದ್ದಳು, ಅದು ತಮಾಷೆಯಂತೆ ಕೇಳಿಸಿರಲಿಲ್ಲ.

ಕೊಡೆ ಮೂಲೆಗಿಟ್ಟು ತಿರುಗಿದರೆ ದೊಡ್ಡ ಮೇಡಂ ಹೊಳೆಯುವ ಮುಖದಿಂದ ನಿಂತಿದ್ದರು. “ಅತಿಥಿಗಳು ಫೋನ್ ಮಾಡಿದ್ರು. ಕೇಳಿ ನಂಬೋ ವಯಸ್ಸು ನನ್ನದಲ್ಲ, ಕ್ಯಾಂಟೀನ್ ಇರುವೇನ ನನ್ನ ಕೈಗೇ ಕಚ್ಚಿಸಿ ಅಂದ್ರು. ಎಂಥಾ ದೊಡ್ಡ ಮನಸ್ಸು ನೋಡಿ.”

ಇಷ್ಟು ವಯಸ್ಸಾದವರಿಗೆ ಯಾಕೆ ತೊಂದರೆ, ನನ್ನ ಕೈ ಇದೆಯಲ್ಲ ಎಂದು ಮೇಷ್ಟ್ರು ತೊದಲಿದರು. ಮೇಡಂ ಅವರ ಬೆನ್ನು ತಟ್ಟಿ, ನಿಮ್ಮ ತ್ಯಾಗ ನನಗೆ ಗೊತ್ತಿದೆ, ಆದರೆ ಇವತ್ತು ನಿಮ್ಮ ಕೈಗೆ ರಜೆ ಎಂದರು. ರಜೆ ಎಂಬ ಪದ ಅಷ್ಟು ಭಯಂಕರವಾಗಿ ಅವರಿಗೆ ಎಂದೂ ಕೇಳಿಸಿರಲಿಲ್ಲ.

ಇದ್ದ ದಾರಿ ಒಂದೇ, ಅತಿಥಿಯ ಕೈಗೂ ಮುಲಾಮು ಬಳಿಯುವುದು. ಮೇಷ್ಟ್ರು ತಲೆನೋವೆಂದು ಹೇಳಿ ಭಾವಮೈದನ ಆಸ್ಪತ್ರೆಗೆ ಆಟೋ ಹಿಡಿದರು. ಅವನಿಗೆ ಬಹಳ ದಿನದಿಂದ ಭಾವನ ಮೇಲೆ ಅನುಮಾನವಿತ್ತು.

“ಭಾವ, ಇಷ್ಟೊಂದು ಮುಲಾಮು ತಗೊಂಡು ಏನ್ಮಾಡ್ತೀರಿ? ಅಕ್ಕನಿಗೆ ಒಂದು ಮಾತು ಕೇಳ್ಲಾ?”

ಮೇಷ್ಟ್ರು ಗಾಬರಿಯಲ್ಲಿ ಹಲ್ಲುನೋವು ಎಂದರು. ಹಲ್ಲಿನ ಡಾಕ್ಟರ ಮುಂದೆ ಹೇಳಬಾರದ ಸುಳ್ಳು ಅದೊಂದೇ. ಮರುಕ್ಷಣ ಅವರು ಎತ್ತರದ ಕುರ್ಚಿಯಲ್ಲಿ ಕಾಲು ಮೇಲಾಗಿ ಬಾಯಿ ತೆರೆದು ಮಲಗಿದ್ದರು. ಭಾವಮೈದ ದೀಪ ಹಿಡಿದು, ಕಡ್ಡಿ ಹಾಕಿ, ಒಂದೊಂದು ಹಲ್ಲನ್ನೂ ಸಾಲ ಕೇಳುವವನಂತೆ ತಟ್ಟಿ ನೋಡಿದ. ಕೊನೆಗೆ ಗಟ್ಟಿಮುಟ್ಟಾಗಿದ್ದ ಒಂದು ದವಡೆ ಹಲ್ಲನ್ನು ಆರಿಸಿ, ಇದನ್ನು ನಾಳೆ ಕೀಳಲೇಬೇಕು ಎಂದು ತೀರ್ಪು ಕೊಟ್ಟು, ಅಲ್ಲಿಯವರೆಗೆ ಹಚ್ಚಿಕೊಳ್ಳಿ ಎಂದು ಉಳಿದಿದ್ದ ಒಂದೇ ಟ್ಯೂಬು ಕೈಗಿಟ್ಟ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು, ಆದರೂ ಟ್ಯೂಬು ಸಿಕ್ಕಿತಲ್ಲ ಎಂದು ಮೇಷ್ಟ್ರು ಓಡಿದರು.

ಪ್ರಯೋಗಾಲಯಕ್ಕೆ ಬಂದವರೇ ಇಡೀ ಟ್ಯೂಬನ್ನು ಒಂದು ಚೆಂದದ ಡಬ್ಬಿಗೆ ಹಿಂಡಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟರು. ಕುಟುಕಿಸಿಕೊಳ್ಳುವ ಮುನ್ನ ಕೈ ಶುದ್ಧ ಮಾಡಲು ಎಂದರೆ ಅತಿಥಿಗಳು ಬೇಡ ಎನ್ನಲಾರರು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಸಮಾಧಾನದಿಂದ ಮುಖ ತೊಳೆದು ಬರೋಣ ಎಂದು ಆಚೆ ಹೋದರು.

ವಾಪಸು ಬಂದಾಗ ಡಬ್ಬಿ ಖಾಲಿಯಾಗಿತ್ತು. ಪಕ್ಕದಲ್ಲಿ ಕಪ್ಪೆ ಮೇಡಂ ಕೂತು ಸ್ವಾಗತ ಭಾಷಣ ಬಾಯಿಪಾಠ ಮಾಡುತ್ತಿದ್ದರು. ತುಟಿ ಒಡೆದು ಉರೀತಿತ್ತು, ಯಾರೋ ಪುಣ್ಯಾತ್ಮರು ಕ್ರೀಮು ಇಟ್ಟಿದ್ದರು, ತುಟಿಗೆ ಹಚ್ಚಿ ಮಿಕ್ಕದ್ದನ್ನು ಹಿಮ್ಮಡಿಗೂ ಬಳಿದುಕೊಂಡೆ ಎಂದು ಹೇಳಲು ಹೊರಟರು. ಹೇಳುತ್ತಿದ್ದಂತೆ ಮಾತು ಜೋಲಾಡತೊಡಗಿತು. ಅವರು ತುಟಿಯನ್ನು ಮುಟ್ಟಿ ನೋಡಿಕೊಂಡರು. ಅದು ಇದ್ದಲ್ಲೇ ಇತ್ತು, ಅವರಿಗೆ ಮಾತ್ರ ಸಿಗುತ್ತಿರಲಿಲ್ಲ.

ಮುಂಗೈ ಮೇಷ್ಟ್ರು ಅಲ್ಲಿ ನಿಲ್ಲಲಿಲ್ಲ. ಮುಲಾಮು ಹೋದರೆ ಹೋಗಲಿ, ಇರುವೆಯನ್ನೇ ಬದಲಾಯಿಸಬಹುದು ಎಂದು ಹೊಳೆದಿತ್ತು. ಗೊದ್ದ ಇರುವೆಯೂ ಕಪ್ಪು, ಹೆಚ್ಚುಕಡಿಮೆ ಅಷ್ಟೇ ಉದ್ದ, ಪಾಪದ್ದು, ಅದಕ್ಕೆ ಕೊಂಡಿಯೇ ಇಲ್ಲ. ಪೆಟ್ಟಿಗೆಯಲ್ಲಿದ್ದ ಕ್ಯಾಂಟೀನ್ ಇರುವೆಗಳನ್ನು ಚೆಲ್ಲಿ ಗೊದ್ದ ತುಂಬಿಬಿಟ್ಟರೆ ಅತಿಥಿಗಳಿಗೆ ಕಚಗುಳಿಯಾದೀತು, ಅಷ್ಟೆ. ಅಂಗಳದ ಮರದ ಬುಡದಲ್ಲಿ ಮಂಡಿಯೂರಿ, ಇಸ್ತ್ರಿ ಅಂಗಿಯ ತೋಳು ಮಡಚಿ, ಒಂದೊಂದಾಗಿ ಗೊದ್ದ ಹೆಕ್ಕಿ ಸೀಸೆಗೆ ಹಾಕತೊಡಗಿದರು. ಸೀಸೆ ಅರ್ಧ ತುಂಬುವಾಗ ಮೇಲಿಂದ ಒಂದು ನೆರಳು ಬಿತ್ತು.

“ಏನು ಮುಂಗೈ ಮೇಷ್ಟ್ರೇ, ಅತಿಥಿಗಳು ಗೇಟಿನ ಹತ್ರ ಬಂದಿದ್ದಾರೆ, ನೀವು ಗೊದ್ದ ಹಿಡೀತಾ ಇದ್ದೀರಿ,” ಎಂದರು ಚೇಳಿನ ಮೇಷ್ಟ್ರು, ನಗುನಗುತ್ತ.

ಮಗಳ ಶಾಲೆಗೆ ಬೇಕಂತೆ ಎಂದು ಮುಂಗೈ ಮೇಷ್ಟ್ರು ಬಡಬಡಿಸಿದರು. ಚೇಳಿನ ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೂ ಏನೋ ನಡೆಯುತ್ತಿದೆ ಎಂದು ತಿಳಿಯುವ ಮೂಗು ಅವರದು. ಪಾಪ, ನಿಮಗೆ ನೂರು ಕೆಲಸ, ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಸೀಸೆ ಕಿತ್ತುಕೊಂಡು ಗೊದ್ದಗಳನ್ನು ಮರಕ್ಕೇ ಕೊಡವಿದರು. ಆಮೇಲೆ ಹೋಗಿ ಇರುವೆ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು, ಖಜಾನೆ ಕಾಯುವವರಂತೆ ಕೂತುಬಿಟ್ಟರು.

ಸಭೆ ಶುರುವಾಯಿತು. ಕಪ್ಪೆ ಮೇಡಂ ಸ್ವಾಗತ ಭಾಷಣಕ್ಕೆ ಎದ್ದು ನಿಂತು ಬಾಯಿ ತೆರೆದರೆ ಮಾತಿನ ಬದಲು ಜೊಲ್ಲು ಬಂತು. ಕರವಸ್ತ್ರ ಒತ್ತಿಕೊಂಡು ಅವರು ಉಸುರಿದ್ದರಲ್ಲಿ ಒಂದಕ್ಷರವೂ ಯಾರಿಗೂ ತಿಳಿಯಲಿಲ್ಲ. ಮೇಡಂ ಭಾವುಕರಾಗಿದ್ದಾರೆ ಎಂದು ಪ್ರಿನ್ಸಿಪಾಲರು ಅತಿಥಿಗಳ ಕಿವಿಯಲ್ಲಿ ಹೇಳಿದರು. ಅತಿಥಿಗಳ ಕಣ್ಣೂ ಒದ್ದೆಯಾಯಿತು. ಅವರು ಬೆಳ್ಳಗಿನ, ತೆಳ್ಳಗಿನ, ಮಾತಿಗೊಮ್ಮೆ ‘ಸತ್ಯ’ ಎನ್ನುವ ಮುದುಕರು. ವಿಜ್ಞಾನಿಯಾದವನು ಸತ್ಯಕ್ಕೆ ಮೈ ಕೊಡಬೇಕು ಎಂದು ಸ್ವಲ್ಪ ಹೊತ್ತು ಮಾತಾಡಿ, ಅಂಗಿಯ ತೋಳು ಮಡಚಿ ಕೈ ಚಾಚಿದರು.

ಚಿಮಟ ಹಿಡಿಯುವ ಪುಣ್ಯ ಮುಂಗೈ ಮೇಷ್ಟ್ರದ್ದೇ. ಪೆಟ್ಟಿಗೆಯೊಳಗಿಂದ ಒಂದು ಇರುವೆ ಎತ್ತಿ ಅತಿಥಿಗಳ ಮುಂಗೈ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ಚೀತ್ಕಾರ ಕೇಳಿಸುತ್ತದೆ, ಆಮೇಲೆ ದೊಡ್ಡ ಮೇಡಂ ದನಿ ಕೇಳಿಸುತ್ತದೆ, ಆಮೇಲೆ ತಮ್ಮ ಕತೆ ಮುಗಿಯುತ್ತದೆ ಎಂದು ಕಾದರು. ಏನೂ ಕೇಳಿಸದೆ ಕಣ್ಣು ಬಿಟ್ಟು ನೋಡಿದರೆ ಅತಿಥಿಗಳ ಕಿವಿ ಕೆಂಪಾಗಿತ್ತು, ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಇಡೀ ಸಭೆ ಅವರ ಬಾಯನ್ನೇ ನೋಡುತ್ತಿತ್ತು.

“ಎರಡು,” ಎಂದರು ಅತಿಥಿಗಳು.

ಚಪ್ಪಾಳೆ ಬಿತ್ತು. ದೊಡ್ಡ ಮೇಡಂ ಹಲಗೆಯ ಮೇಲೆ ಎರಡು ಎಂದು ದಪ್ಪಗೆ ಬರೆದರು. ಅತಿಥಿಗಳೇ ಕುಟುಕಿಸಿಕೊಂಡ ಮೇಲೆ ತಾವು ಸುಮ್ಮನೆ ಕೂತರೆ ಶೋಭೆಯಲ್ಲ ಎಂದು ಪ್ರಿನ್ಸಿಪಾಲರೂ ಎದ್ದುಬಂದರು. ಇರುವೆ ಇಟ್ಟ ಕೂಡಲೇ ಅವರ ಹೊಟ್ಟೆ ಒಳಗೆ ಹೋಗಿ ಎದೆ ಮುಂದೆ ಬಂತು. ಎರಡಕ್ಕಿಂತ ಹೆಚ್ಚು ಎಂದರೆ ಮುದುಕರಿಗಿಂತ ತಾವು ಕೈಲಾಗದವರೆಂದಾಗುತ್ತಿತ್ತು. ಅವರೂ ಎರಡು ಎಂದರು. ಆಮೇಲೆ ಕುಟುಕಿಸಿಕೊಂಡ ಕಪ್ಪೆ ಮೇಡಂ ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆ ಎರಡು ಬೆರಳು ಎತ್ತಿ ತೋರಿಸಿದರು. ಮೊದಲೇ ಭಾವುಕರು ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಏನೂ ಅಂದುಕೊಳ್ಳಲಿಲ್ಲ. ಕೊನೆಗೆ ಚೇಳಿನ ಮೇಷ್ಟ್ರು ಬಂದರು. ಕುಟುಕಿದಾಗ ಅವರ ನಗು ಒಂದು ಕ್ಷಣ ಹಲ್ಲಿನ ಮೇಲೆಯೇ ಒಣಗಿತು. ಹುದ್ದೆಯ ನೆನಪಾಗಿ ಮತ್ತೆ ಹಸಿಯಾಯಿತು.

“ಹೆಚ್ಚಂದ್ರೆ ಒಂದು ಸರ್,” ಎಂದರು. “ನನಗೆ ಅದೂ ಅನುಮಾನ.”

ಇಷ್ಟೆಲ್ಲ ನೋಡುತ್ತಿದ್ದ ಮುಂಗೈ ಮೇಷ್ಟ್ರಿಗೆ ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು. ಅಯ್ಯೋ ದೇವರೇ, ದೊಡ್ಡ ಮೇಡಂ ಹೇಳಿದ್ದು ನಿಜ! ಇವು ನಿಜವಾಗಿಯೂ ಸಾಧು ಇರುವೆಗಳು. ನಾನು ಹೆದರಿಕೆಯಲ್ಲಿ ಸುಮ್ಮಸುಮ್ಮನೆ ಮುಲಾಮು ಬಳಿದುಕೊಂಡು ಕಳ್ಳನ ಹಾಗೆ ಬದುಕಿದೆ, ಹೇಳಿದ್ದು ಮಾತ್ರ ಸತ್ಯವನ್ನೇ. ಅವರಿಗೆ ತಮ್ಮ ಮೇಲೆ ಎಂದೂ ಇಲ್ಲದ ಗೌರವ ಹುಟ್ಟಿತು. ಇರುವೆಗಳ ಮೇಲೂ ಒಂದು ಬಗೆಯ ಪ್ರೀತಿ ಉಕ್ಕಿತು. ಅಷ್ಟರಲ್ಲಿ ಅತಿಥಿಗಳು, ಈ ಸಂಶೋಧನೆಯೆಲ್ಲ ನಿಂತಿರುವುದು ಯಾರ ಕೈ ಮೇಲೋ ಅವರನ್ನೂ ಒಮ್ಮೆ ನೋಡೋಣ, ಆಮೇಲೆ ಹುದ್ದೆಯ ಮಾತು ಎಂದರು.

ಮುಂಗೈ ಮೇಷ್ಟ್ರು ಮದುಮಗನ ಹಾಗೆ ಮುಂದೆ ಬಂದರು. ಮುಲಾಮು ಇಲ್ಲದೆ, ಭಯವಿಲ್ಲದೆ, ಒಂದು ಸಣ್ಣ ನಗೆಯೊಂದಿಗೆ ಎಡಮುಂಗೈ ಚಾಚಿದರು. ಹೆಂಡತಿಗೆ ಫೋನಿನಲ್ಲಿ ಹೇಗೆ ಹೇಳಬೇಕು ಎಂದು ಯೋಚಿಸುತ್ತಿದ್ದರು. ಚೇಳಿನ ಮೇಷ್ಟ್ರು ಪ್ರೀತಿಯಿಂದ ಆರಿಸಿ, ಪೆಟ್ಟಿಗೆಯ ಅತಿ ದೊಡ್ಡ ಇರುವೆಯನ್ನು ಇಟ್ಟರು.

“ಒಂಬತ್ತು!”

ಅದು ಮೇಷ್ಟ್ರು ಹೇಳಿದ್ದಲ್ಲ, ಅವರೊಳಗಿಂದ ಯಾವುದೋ ಪ್ರಾಣಿ ಕೂಗಿದ್ದು. ಕಾದ ಮೊಳೆಯನ್ನು ಮೂಳೆಯವರೆಗೆ ಹೊಡೆದು ಯಾರೋ ನಿಧಾನವಾಗಿ ತಿರುಗಿಸುತ್ತಿದ್ದರು. ಪಾಳುಬಯಲಿನ ಇರುವೆ ಇದರ ಮುಂದೆ ಹಸುಗೂಸು. ಮೇಷ್ಟ್ರು ಕೈ ಒದರಿದರು, ಕುಣಿದರು, ಬಿಳಿ ಬಟ್ಟೆ ಎಳೆದು ಮೇಜಿನ ಮೇಲಿದ್ದುದನ್ನೆಲ್ಲ ಬೀಳಿಸಿದರು. ಒಂಬತ್ತು, ಒಂಬತ್ತೂವರೆ ಎಂದು ಹರಾಜು ಹಾಕುವವರಂತೆ ಕೂಗಿ ನೆಲಕ್ಕೆ ಕೂತರು. ಅದು ಆ ಪ್ರಯೋಗಾಲಯದಲ್ಲಿ ಆ ಇರುವೆಯ ಬಗ್ಗೆ ಯಾರಾದರೂ ಹೇಳಿದ ಮೊತ್ತಮೊದಲ ನಿಜವಾಗಿತ್ತು.

ದೊಡ್ಡ ಮೇಡಂ ಸೀಮೆಸುಣ್ಣ ಹಿಡಿದು ನಿಂತವರು ಬರೆಯಲಿಲ್ಲ. ಅವರಿಗೆ ಮೇಷ್ಟ್ರ ಮೇಲೆ ನಿಜವಾಗಿಯೂ ಕನಿಕರ ಬಂದಿತ್ತು.

“ಇರುವೆ ಕೆಟ್ಟಿಲ್ಲ, ನಿಮ್ಮ ಕೈ ಕೆಟ್ಟಿದೆ,” ಎಂದರು ಮೆತ್ತಗೆ. “ಪದೇ ಪದೇ ಕುಟುಕಿಸಿಕೊಂಡು ಚರ್ಮ ಸೂಕ್ಷ್ಮ ಆಗಿಬಿಟ್ಟಿದೆ. ತಪ್ಪು ನಿಮ್ಮದಲ್ಲ ಮೇಷ್ಟ್ರೇ, ಆದ್ರೆ ಬಾಗಿದ ಅಳತೆಗೋಲು ಇಟ್ಟುಕೊಂಡು ನಾನು ಏನನ್ನ ಅಳೀಲಿ?”

ಅತಿಥಿಗಳು ತಲೆದೂಗಿದರು. ಪ್ರಿನ್ಸಿಪಾಲರು ಅವರ ತಲೆ ನೋಡಿ ತಾವೂ ತೂಗಿದರು. ಈ ಕೆಲಸಕ್ಕೆ ಬೇಕಾದ್ದು ಶಾಂತವಾದ, ನಂಬಬಹುದಾದ ಕೈ ಎಂದು ಹೇಳಿ ಅತಿಥಿಗಳು ಚೇಳಿನ ಮೇಷ್ಟ್ರ ಹೆಸರು ಸೂಚಿಸಿದರು. ನಾಳೆಯಿಂದಲೇ ಎಲ್ಲ ಗೂಡುಗಳನ್ನೂ ಹೊಸ ಕೈಯಲ್ಲಿ ಮೊದಲಿನಿಂದ ಅಳೆಯೋಣ ಎಂದು ದೊಡ್ಡ ಮೇಡಂ ಉತ್ಸಾಹದಿಂದ ಹೇಳಿದಾಗ ಕಾಯಂ ಆದವರ ಮುಖ ಬಿಳಿಚಿಕೊಂಡಿತು. ಅವರು ಎರಡೂ ಕೈ ಜೋಡಿಸಿ ವಂದಿಸಿದರು, ಒಂದು ಕೈ ಮಾತ್ರ ಇನ್ನೊಂದಕ್ಕಿಂತ ದಪ್ಪಗಿತ್ತು.

ಮುಂಗೈ ಮೇಷ್ಟ್ರನ್ನು ಯಾರೂ ಎಬ್ಬಿಸಲಿಲ್ಲ. ಸಭೆ ಮುಗಿದು ಜನ ಕರಗಿದ ಮೇಲೆ ಅವರೇ ಎದ್ದು, ಉರಿಯುವ ಕೈಯನ್ನು ಮಗುವಿನಂತೆ ಎದೆಗೊತ್ತಿಕೊಂಡು, ತಣ್ಣೀರು ಹುಡುಕಿಕೊಂಡು ಹಿತ್ತಲಿನ ನಲ್ಲಿಯ ಕಡೆ ನಡೆದರು. ಕೈತಪ್ಪಿದ ಹುದ್ದೆ, ಬಾಗಿಲಲ್ಲಿ ನಿಂತಿರುವ ಹೆಂಡತಿ, ನಾಳೆ ಕೀಳುವ ಹಲ್ಲು ಎಲ್ಲ ಒಟ್ಟಿಗೆ ನೆನಪಾಗಿ ಅಳು ಒತ್ತರಿಸಿ ಬಂತು.

ನಲ್ಲಿಯ ಮುಂದೆ ಸಾಲಿತ್ತು. ಎಲ್ಲರಿಗಿಂತ ಮುಂದೆ ಅತಿಥಿಗಳು, ತೋಳನ್ನು ಮೊಣಕೈವರೆಗೆ ನೀರಿಗೆ ಒಡ್ಡಿ, ಕಣ್ಣು ಮುಚ್ಚಿ, ತುಟಿ ಕಚ್ಚಿ ನಿಂತಿದ್ದರು. ಅವರ ಹಿಂದೆ ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದ ಪ್ರಿನ್ಸಿಪಾಲರು, ಅವರ ಹಿಂದೆ ಕೈಯನ್ನು ಬೀಸಣಿಗೆಯಂತೆ ಬೀಸಿಕೊಳ್ಳುತ್ತಿದ್ದ ಕಪ್ಪೆ ಮೇಡಂ, ಕೊನೆಯಲ್ಲಿ ಗೋಡೆಗೆ ಹಣೆ ಒತ್ತಿ ನರಳುತ್ತಿದ್ದ ಚೇಳಿನ ಮೇಷ್ಟ್ರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮುಂಗೈ ಮೇಷ್ಟ್ರು ಬಾಯಿ ತೆರೆದು ನಿಂತರು. ಆಮೇಲೆ ಅವರಿಗೆ ಜೀವಮಾನದಲ್ಲಿ ಬಾರದಿದ್ದ ಸಿಟ್ಟು ಬಂತು. ನೆಟ್ಟಗೆ ಅತಿಥಿಗಳ ಬಳಿ ಹೋಗಿ, ಇಷ್ಟು ಉರಿ ಇಟ್ಟುಕೊಂಡು ಎಲ್ಲರೂ ಎರಡು ಎಂದದ್ದು ಯಾಕೆ, ನನ್ನ ಹೊಟ್ಟೆಯ ಮೇಲೆ ಹೊಡೆದದ್ದು ಯಾಕೆ ಎಂದು ಕೇಳಿದರು.

ಅತಿಥಿಗಳು ಕಣ್ಣು ತೆರೆದರು. ಮುದುಕರ ದನಿಯಲ್ಲಿ ನಿಜವಾದ ನೋವಿತ್ತು.

“ಒಂದು ವರ್ಷದಿಂದ ಎರಡು, ಎರಡು ಅಂತ ಹೇಳ್ಕೊಂಡು ಬಂದಿದ್ದು ನೀವಲ್ವೇನ್ರೀ? ನಾಲ್ಕು ಜನರ ಮುಂದೆ ನಾನು ಬೇರೆ ಹೇಳಿದ್ರೆ ನನ್ನ ಮರ್ಯಾದೆ ಏನಾಗಬೇಕು?”

ಸಾಲು ತಪ್ಪಿಸಿ ಬರಬೇಡಿ, ಎಲ್ಲರಿಗೂ ಉರೀತಿದೆ ಎಂದು ಪ್ರಿನ್ಸಿಪಾಲರು ಗದರಿದರು. ಮೇಷ್ಟ್ರು ತಲೆ ತಗ್ಗಿಸಿಕೊಂಡು ಹೋಗಿ ಚೇಳಿನ ಮೇಷ್ಟ್ರ ಹಿಂದೆ ನಿಂತರು. ಅವರ ಸರದಿ ಬರುವಷ್ಟರಲ್ಲಿ ನಲ್ಲಿಯ ನೀರು ನಿಂತುಹೋಗಿತ್ತು.